ಪತ್ರಿಕೆಗೆ ಬೀಗ ಬಿದ್ದದ್ದು ಒಂದು ಶನಿವಾರ

2016ರ ಅಕ್ಟೋಬರ್ 8. ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ‘ನೇಪ್‌ಸಬಡ್‌ಶಾಗ್’ ಪತ್ರಿಕೆಯ ಸಿಬ್ಬಂದಿಯ ಮನೆಗಳಿಗೆ ಕೊರಿಯರ್‌ನಲ್ಲಿ ಒಂದು ಕಾಗದ ಬಂತು. ಪತ್ರಿಕೆ ನಿಂತಿದೆ, ಕಚೇರಿಗೆ ಬರಬೇಡಿ. ಆ ವಾರಾಂತ್ಯ ಹೊಸ ಕಚೇರಿಗೆ ಹೋಗುವುದಿದೆ ಅಂತ ಮೊದಲೇ ಹೇಳಿದ್ದರಿಂದ ಎಲ್ಲರೂ ತಮ್ಮ ಸಾಮಾನನ್ನು ರಟ್ಟಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದರು. ಕೆಲಸದ ಇಮೇಲ್ ಕೂಡ ತೆರೆಯಲಿಲ್ಲ. 1956ರಿಂದ ಬರುತ್ತಿದ್ದ ಪತ್ರಿಕೆ ಅದು. ಹೆಸರಿನ ಅರ್ಥ ‘ಜನರ ಸ್ವಾತಂತ್ರ್ಯ’.

ನಷ್ಟ ತಡೆಯಲು ಆಗುತ್ತಿಲ್ಲ ಎಂದಿತು ಮಾಲೀಕ ಕಂಪನಿ. ಪ್ರಸಾರ ಕುಸಿದಿದ್ದು ನಿಜ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಒಬ್ಬ ಸಚಿವರು ಮದುವೆಗೆ ಹೆಲಿಕಾಪ್ಟರ್‌ನಲ್ಲಿ ಹೋದದ್ದನ್ನು ಇದೇ ಪತ್ರಿಕೆ ಬರೆದಿತ್ತು. ಅದೇ ತಿಂಗಳ ಕೊನೆಯಲ್ಲಿ ಮಾಲೀಕ ಕಂಪನಿಯೇ ಮಾರಾಟವಾಯಿತು. ಕೊಂಡ ಸಂಸ್ಥೆಗೆ ಲೋರಿಂಟ್ಸ್ ಮೇಸಾರೋಶ್ ಅವರ ನಂಟಿತ್ತು. ಮೊದಲು ಗ್ಯಾಸ್ ಪೈಪ್ ಜೋಡಿಸುತ್ತಿದ್ದ ಇವರು ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಬೆಳೆದ ಫೆಲ್ಚೂಟ್ ಹಳ್ಳಿಯ ಮೇಯರ್ ಆಗಿದ್ದವರು. ತಮ್ಮ ಸಿರಿವಂತಿಕೆಗೆ ದೇವರು, ಅದೃಷ್ಟ ಮತ್ತು ಓರ್ಬಾನ್ ಕಾರಣ ಅಂತ ಅವರೇ ಹೇಳಿಕೊಂಡಿದ್ದರು.

ನನ್ನನ್ನು ಕಾಡುವುದು ಇದೇ. ಇಲ್ಲಿ ಪೊಲೀಸರು ಬರಲಿಲ್ಲ, ಸಂಪಾದಕರನ್ನು ಜೈಲಿಗೆ ಹಾಕಲಿಲ್ಲ. ಮಾರಾಟ, ಪರವಾನಗಿ, ಜಾಹೀರಾತು, ನೇಮಕ... ಎಲ್ಲವೂ ಕಾಗದದ ಮೇಲೆಯೇ ಮುಗಿದುಹೋಯಿತು.

ಶುರುವಾದದ್ದು 2010ರಲ್ಲಿ. ಓರ್ಬಾನ್ ಅವರ ಫಿಡೆಸ್ ಪಕ್ಷಕ್ಕೆ ಸಂಸತ್ತಿನಲ್ಲಿ ಮೂರನೇ ಎರಡು ಬಹುಮತ ಸಿಕ್ಕಿತು. ಡಿಸೆಂಬರ್ ಹೊತ್ತಿಗೆ ಹೊಸ ಮಾಧ್ಯಮ ಕಾನೂನು ಬಂತು. ಮೇಲ್ವಿಚಾರಣೆಗೆ ಒಂದು ಮಂಡಳಿ, ಸದಸ್ಯರ ಅವಧಿ 9 ವರ್ಷ, ಎಲ್ಲರೂ ಆಳುವ ಪಕ್ಷ ಆರಿಸಿದವರು. ಸರ್ಕಾರಿ ಟಿವಿ, ರೇಡಿಯೊ, ಸುದ್ದಿ ಸಂಸ್ಥೆ ಒಂದೇ ಸೂರಿನಡಿ ಬಂದವು. 2011ರ ಜನವರಿ 3ರಂದು ನೇಪ್‌ಸಬಡ್‌ಶಾಗ್ ತನ್ನ ಮುಖಪುಟದಲ್ಲಿ ಒಂದೇ ಮಾತನ್ನು ಐರೋಪ್ಯ ಒಕ್ಕೂಟದ 23 ಭಾಷೆಗಳಲ್ಲಿ ಅಚ್ಚು ಹಾಕಿತು: ಹಂಗೇರಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಮುಗಿಯಿತು. ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಹಂಗೇರಿಯ ಸರದಿ ಆಗಷ್ಟೇ ಬಂದಿತ್ತು. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕೇಳಿದ್ದಕ್ಕೆ ಕಾನೂನಿನಲ್ಲಿ ಅಲ್ಲಿ ಇಲ್ಲಿ ಒಂದಿಷ್ಟು ಬದಲಾಯಿತು, ಅಷ್ಟೇ.

2017ರ ಹೊತ್ತಿಗೆ ದೇಶದ 18 ಜಿಲ್ಲಾ ದಿನಪತ್ರಿಕೆಗಳೂ ಸರ್ಕಾರದ ಪರ ಇರುವವರ ಕೈ ಸೇರಿದವು. ಹಳ್ಳಿಯಲ್ಲಿ ಕೂತು ಬೆಳಗಿನ ಪೇಪರ್ ಓದುವವರಿಗೆ ಬೇರೆ ಮಾತು ಸಿಗುವುದೇ ಕಷ್ಟವಾಯಿತು. 2018ರ ನವೆಂಬರ್‌ನಲ್ಲಿ ಇನ್ನೂ ದೊಡ್ಡದು ನಡೆಯಿತು. 400ಕ್ಕೂ ಜಾಸ್ತಿ ಪತ್ರಿಕೆ, ಚಾನೆಲ್, ವೆಬ್‌ಸೈಟ್‌ಗಳನ್ನು ಮಾಲೀಕರು ಒಂದು ರೂಪಾಯಿಯನ್ನೂ ಕೇಳದೆ ‘ಕೆಸ್ಮಾ’ ಎಂಬ ಪ್ರತಿಷ್ಠಾನಕ್ಕೆ ಬರೆದುಕೊಟ್ಟರು. ಕೋಟಿಗಟ್ಟಲೆ ಬೆಲೆಯ ವ್ಯವಹಾರವನ್ನು ಯಾರಾದರೂ ಸುಮ್ನೆ ಕೊಡ್ತಾರಾ? ಮಾರುಕಟ್ಟೆ ಒಬ್ಬರದೇ ಕೈ ಸೇರದಂತೆ ನೋಡಿಕೊಳ್ಳುವ ಸ್ಪರ್ಧಾ ಪ್ರಾಧಿಕಾರ ಇದನ್ನು ಪರಿಶೀಲಿಸಬೇಕಿತ್ತು. ಇದು ‘ರಾಷ್ಟ್ರೀಯ ಮಹತ್ವ’ದ ವಿಷಯ ಎಂದು ಡಿಸೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ಆ ಪರಿಶೀಲನೆಯನ್ನೇ ತಪ್ಪಿಸಿತು.

2020ರ ಜುಲೈನಲ್ಲಿ ದೊಡ್ಡ ಸುದ್ದಿತಾಣ ‘ಇಂಡೆಕ್ಸ್’ನ ಸಂಪಾದಕರನ್ನು ತೆಗೆದರು. 70ಕ್ಕೂ ಹೆಚ್ಚು ಪತ್ರಕರ್ತರು ರಾಜೀನಾಮೆ ಕೊಟ್ಟು ಓದುಗರ ದುಡ್ಡಿನಲ್ಲಿ ‘ಟೆಲೆಕ್ಸ್’ ಕಟ್ಟಿದರು. 2021ರ ಫೆಬ್ರುವರಿಯಲ್ಲಿ ‘ಕ್ಲಬ್‌ರೇಡಿಯೊ’ ತನ್ನ ತರಂಗಾಂತರ ಕಳೆದುಕೊಂಡಿತು. ಕೆಲವು ವರದಿಗಳನ್ನು ತಡವಾಗಿ ಸಲ್ಲಿಸಿದ್ದು ಪರವಾನಗಿ ನವೀಕರಿಸದಿರಲು ಮಾಧ್ಯಮ ಮಂಡಳಿ ಕೊಟ್ಟ ಕಾರಣ. ರೇಡಿಯೊ ಇಂಟರ್ನೆಟ್‌ಗೆ ಹೋಯಿತು.

ಐರೋಪ್ಯ ಒಕ್ಕೂಟ ಇಷ್ಟು ವರ್ಷ ಏನು ಮಾಡುತ್ತಿತ್ತು? ಮಾಧ್ಯಮ, ಸಂಸ್ಕೃತಿ ಎರಡೂ ಆಯಾ ದೇಶದ ಮನೆ ವಿಷಯ ಅಂತಲೇ ಅದು ನಡೆದುಕೊಂಡು ಬಂದಿತ್ತು. ಕೊನೆಗೆ ಬೇರೆ ದಾರಿ ಹಿಡಿಯಿತು. ಸುದ್ದಿ ಮಾಧ್ಯಮವೂ ಒಂದು ಮಾರುಕಟ್ಟೆ, ಮಾರುಕಟ್ಟೆಯ ನಿಯಮ ನಮ್ಮ ಕೈಯಲ್ಲಿದೆ ಎಂದಿತು. ಹಾಗೆ 2024ರಲ್ಲಿ ಬಂದದ್ದು ಐರೋಪ್ಯ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ. ಮಾಲೀಕರು ಯಾರು ಅಂತ ಬಹಿರಂಗಪಡಿಸಬೇಕು. ಸರ್ಕಾರಿ ಜಾಹೀರಾತಿನ ಹಣ ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕ ಕೊಡಬೇಕು. ಪತ್ರಕರ್ತರ ಫೋನಿಗೆ ಗೂಢಚಾರಿ ತಂತ್ರಾಂಶ ಹಾಕುವುದಕ್ಕೆ ಕಡಿವಾಣ. ಇದರ ಬಹುಪಾಲು 2025ರ ಆಗಸ್ಟ್ 8ರಿಂದ ಜಾರಿಗೆ ಬಂತು. ಸದಸ್ಯ ದೇಶಗಳಲ್ಲಿ ವಿರುದ್ಧ ಮತ ಹಾಕಿದ್ದು ಹಂಗೇರಿ ಒಂದೇ. ಆಮೇಲೆ ಕಾಯ್ದೆಯನ್ನೇ ಪ್ರಶ್ನಿಸಿ ಒಕ್ಕೂಟದ ನ್ಯಾಯಾಲಯಕ್ಕೂ ಹೋಯಿತು.

ಈ ಕಾಯ್ದೆ ಮಾಧ್ಯಮಕ್ಕೆ ಮಾತ್ರ. ನಾಟಕ, ಕಲೆಯ ಸಂಸ್ಥೆಗಳಿಗೆ ಇಂಥ ಆಸರೆ ಇಲ್ಲ. 1865ರಲ್ಲಿ ಶುರುವಾದ ಬುಡಾಪೆಸ್ಟ್‌ನ ರಂಗಭೂಮಿ ಮತ್ತು ಸಿನಿಮಾ ವಿಶ್ವವಿದ್ಯಾಲಯವನ್ನು 2020ರ ಸೆಪ್ಟೆಂಬರ್ 1ರಂದು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಲಾಯಿತು. ಅಧ್ಯಕ್ಷರಾಗಿ ಬಂದವರು ಓರ್ಬಾನ್‌ಗೆ ಆಪ್ತರಾದ ನಿರ್ದೇಶಕ ಅತ್ತಿಲಾ ವಿದ್ನ್ಯಾನ್‌ಸ್ಕಿ. ಹಳೆಯ ಆಡಳಿತ ರಾಜೀನಾಮೆ ಕೊಟ್ಟಿತ್ತು. ವಿದ್ಯಾರ್ಥಿಗಳು ಕಟ್ಟಡದಲ್ಲೇ ಉಳಿದರು. ರಸ್ತೆ ಅಗೆಯುವಾಗ ಸುತ್ತ ಕಟ್ಟುತ್ತಾರಲ್ಲ, ಆ ಕೆಂಪು-ಬಿಳಿ ಪಟ್ಟಿಯನ್ನು ಬಾಗಿಲಿಗೆ ಕಟ್ಟಿದರು. ಸೆಪ್ಟೆಂಬರ್ 6ರಂದು ಅಲ್ಲಿಂದ ಸಂಸತ್ ಭವನದವರೆಗೆ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. ವಿಶ್ವವಿದ್ಯಾಲಯದ ಸನ್ನದನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದರು. ನವೆಂಬರ್‌ನಲ್ಲಿ ಕೊರೊನಾ ನಿರ್ಬಂಧ ಬಿಗಿಯಾದಾಗ ವಿದ್ಯಾರ್ಥಿಗಳು ಹೊರಗೆ ಬರಲೇಬೇಕಾಯಿತು.

ಅವರಲ್ಲಿ ಅನೇಕರು ಹಿಂದಿರುಗಿ ಹೊಸ ಆಡಳಿತದ ಕೈಕೆಳಗೆ ಓದಲಿಲ್ಲ. ತಮ್ಮ ಮೇಷ್ಟ್ರುಗಳ ಜೊತೆ ಬುಡಾಪೆಸ್ಟ್‌ನಲ್ಲೇ ಸಿಕ್ಕ ಜಾಗದಲ್ಲಿ ಪಾಠ ಮುಂದುವರಿಸಿದರು. ಹೊರದೇಶದ ಕಲಾ ವಿಶ್ವವಿದ್ಯಾಲಯಗಳು ‘ತುರ್ತು ನಿರ್ಗಮನ’ ಎಂಬ ಹೆಸರಿನಲ್ಲಿ ಅವರಿಗಾಗಿ ಒಂದು ವ್ಯವಸ್ಥೆ ಮಾಡಿದವು. ಕೆಲವರ ಪದವಿ ಪತ್ರಕ್ಕೆ ಸಹಿ ಬಿದ್ದದ್ದು ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ, ಇನ್ನು ಕೆಲವರದಕ್ಕೆ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ.