ನಿಧಾನ ಮಾಡೋಕೆ ಆಗದ ಆಟವನ್ನು ಕಲಿಯೋದು ಹೇಗೆ?

ಕೀಬೋರ್ಡ್ ನುಡಿಸಲು ಕಲಿಯುವವರಿಗೆ ಒಂದು ಅನುಕೂಲ ಇದೆ. ಕಷ್ಟದ ಸಾಲು ಬಂದರೆ ಅರ್ಧ ವೇಗಕ್ಕೆ ಇಳಿಸಿ, ಯಾವ ಬೆರಳು ಎಲ್ಲಿಗೆ ಹೋಗಬೇಕು ಅಂತ ಒಂದೊಂದಾಗಿ ನೋಡಿಕೊಂಡು, ಆಮೇಲೆ ವೇಗ ಏರಿಸಬಹುದು. ಯೋಯೋ ಅಂದರೆ ಎರಡು ಬಟ್ಟಲುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತಿರುವ, ದಾರದ ತುದಿಯಲ್ಲಿ ತಿರುಗುವ ಆಟಿಕೆ. ಅದರ ದಾರದ ಆಟಗಳಲ್ಲಿ, ಅದರಲ್ಲೂ ಯೋಯೋ ದಾರ ಬಿಟ್ಟು ಗಾಳಿಗೆ ಹಾರುವ ಆಟಗಳಲ್ಲಿ, ಇದಕ್ಕೆ ದಾರಿಯೇ ಇಲ್ಲ. ಮೇಲೆ ಚಿಮ್ಮಿದ ಯೋಯೋ ನಿಮಗಾಗಿ ಕಾಯುವುದಿಲ್ಲ. ಇವತ್ತು ಕಲಿಯಲು ಶುರು ಮಾಡಿದವರಿಗೂ ವಿಶ್ವ ಚಾಂಪಿಯನ್‌ಗೂ ಅದು ಬೀಳುವ ವೇಗ ಒಂದೇ. ಹಾಗಿದ್ದರೂ ಜನ ಇದನ್ನು ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ಅದು ಹೇಗೆ ಸಾಧ್ಯ ಅನ್ನೋದು ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ.

ಒಂದು ಆಟವನ್ನೇ ಹಿಡಿದು ನೋಡೋಣ. ಈಲೈ ಹಾಪ್ ಅಂತ ಅದರ ಹೆಸರು. ಬಲಗೈಯಲ್ಲಿ ಆಡುವವರಾದರೆ ದಾರದ ಕುಣಿಕೆ ಬಲಗೈ ನಡುಬೆರಳಲ್ಲಿರುತ್ತದೆ. ಯೋಯೋವನ್ನು ಮೈಮುಂದೆ ಅಡ್ಡಲಾಗಿ ಬೀಸುತ್ತೀರಿ. ದಾರ ಎಡಗೈ ತೋರುಬೆರಳಿಗೆ ತಾಗುತ್ತದೆ, ಯೋಯೋ ಆ ಬೆರಳನ್ನು ಸುತ್ತಿ ಮರಳಿ ಬಂದು ತನ್ನದೇ ದಾರದ ಮೇಲೆ ಕೂರುತ್ತದೆ. ಇದಕ್ಕೆ ಟ್ರಪೀಜ್ ಅನ್ನುತ್ತಾರೆ. ಇಲ್ಲಿಂದ ಎರಡೂ ಕೈಗಳನ್ನು ತಟ್ಟನೆ ಅಗಲಿಸಿದರೆ, ಯೋಯೋದ ಭಾರಕ್ಕೆ ಬಗ್ಗಿದ್ದ ದಾರ ಬಿಗಿದು ನೇರವಾಗುತ್ತದೆ, ಯೋಯೋ ಮೇಲಕ್ಕೆ ಚಿಮ್ಮುತ್ತದೆ. ಇಳಿಯುವಾಗ ಅದೇ ದಾರದ ಮೇಲೆ ಮತ್ತೆ ಕೂರಬೇಕು. ಕೂತರೆ ಇನ್ನೊಮ್ಮೆ ಹಾರಿಸಬಹುದು, ಹಾರಿರುವಾಗಲೇ ಕೈಗಳನ್ನು ಅಡ್ಡಡ್ಡ ದಾಟಿಸಬಹುದು, ಬೇರೆ ದಾರದ ಮೇಲೆ ಇಳಿಸಬಹುದು. ದೊಡ್ಡ ದೊಡ್ಡ ಆಟಗಳಲ್ಲಿ ಎಷ್ಟೋ ಈ ಒಂದು ಜಿಗಿತದ ಮೇಲೆ ಕಟ್ಟಿದವು.

ಈಗ ಸಮಯದ ಲೆಕ್ಕ. ಯೋಯೋ ದಾರದಿಂದ 20 ಸೆಂಟಿಮೀಟರ್ ಮೇಲೆ ಹಾರಿತು ಅಂದುಕೊಳ್ಳಿ. ಏರಲು 0.2 ಸೆಕೆಂಡು, ಇಳಿಯಲು 0.2 ಸೆಕೆಂಡು, ಒಟ್ಟು 0.4. ಬರೀ 10 ಸೆಂಟಿಮೀಟರ್ ಹಾರಿದರೆ ಒಟ್ಟು 0.3 ಸೆಕೆಂಡು ಕೂಡ ಸಿಗುವುದಿಲ್ಲ. ಇನ್ನೊಂದು ಕಡೆ ನಮ್ಮ ದೇಹ ಇದೆ. ಕಣ್ಣಿಗೆ ಬಿದ್ದದ್ದು ಮಿದುಳಿಗೆ ಹೋಗಿ, ಅದರ ಪ್ರಕಾರ ಕೈಯ ಚಲನೆ ತಿದ್ದಿಕೊಳ್ಳಲು ಸುಮಾರು 0.15ರಿಂದ 0.2 ಸೆಕೆಂಡು ಬೇಕು. ಅಂದರೆ ಒಂದು ಜಿಗಿತದಲ್ಲಿ ನೋಡಿ ತಿದ್ದಿಕೊಳ್ಳೋಕೆ ಒಂದು ಅವಕಾಶ ಸಿಕ್ಕರೆ ಹೆಚ್ಚು. ಹೊಸಬರ ಕೈ ಯೋಯೋವನ್ನು ಬೆನ್ನಟ್ಟುತ್ತದೆ, ಹಾಗಾಗಿ ಪ್ರತಿ ಸಲ ಸ್ವಲ್ಪ ತಡ. ಪಳಗಿದವರ ದಾರ ಯೋಯೋ ಬರುವ ಮೊದಲೇ ಅಲ್ಲಿ ಇರುತ್ತದೆ. ಚಿಮ್ಮಿಸಿದ ಕ್ಷಣದಲ್ಲೇ, ಬೆರಳಿಗೆ ಸಿಕ್ಕ ಎಳೆತದಿಂದಲೇ, ಅದು ಎಲ್ಲಿ ಇಳಿಯುತ್ತದೆ ಅಂತ ಅವರ ಮಿದುಳು ಊಹಿಸಿ ಆಗಿರುತ್ತದೆ. ಇಂಥ ಊಹೆಯಲ್ಲಿ ತಲೆಯ ಹಿಂಭಾಗದ ಕಿರುಮಿದುಳಿನ ಪಾತ್ರ ದೊಡ್ಡದು. ಹೊರಟ ಆಜ್ಞೆ ಏನು ಮಾಡುತ್ತದೆ ಅಂತ ಮುಂದಾಗಿ ಲೆಕ್ಕ ಹಾಕಿ, ಆದದ್ದರ ಜೊತೆ ಹೋಲಿಸಿ, ವ್ಯತ್ಯಾಸ ಇದ್ದರೆ ಮುಂದಿನ ಸಲಕ್ಕೆ ತಿದ್ದುವ ಕೆಲಸ ಅದರದ್ದು. ಹಾಗಾಗಿ ತಪ್ಪಿದ ಪ್ರತಿ ಜಿಗಿತವೂ ಅದಕ್ಕೆ ಬೇಕಾದ ಮಾಹಿತಿಯೇ. ಕೈ ಚುರುಕು ಮಾಡಿಕೊಳ್ಳುವುದಕ್ಕಿಂತ ಈ ಊಹೆಯನ್ನು ಗಟ್ಟಿ ಮಾಡಿಕೊಳ್ಳುವುದು ಇಲ್ಲಿ ಜಾಸ್ತಿ ಮುಖ್ಯ ಅಂತ ನನ್ನ ಅಭಿಪ್ರಾಯ.

ಆಟದ ಸಾಮಾನು ನಮಗೆ ಸ್ವಲ್ಪ ದಯೆ ತೋರಿಸುತ್ತದೆ. ದಾರದ ದಪ್ಪ ಸುಮಾರು ಒಂದು ಮಿಲಿಮೀಟರ್. ಎರಡು ಬಟ್ಟಲುಗಳ ನಡುವಿನ ಸಂದಿ ಬುಡದಲ್ಲಿ 5 ಮಿಲಿಮೀಟರ್‌ಗಿಂತ ಕಡಿಮೆ. ಆದರೆ ಇಂದಿನ ಯೋಯೋಗಳ ಬಾಯಿ ಹೊರ ಅಂಚಿನಲ್ಲಿ 40 ಮಿಲಿಮೀಟರ್‌ಗೂ ಅಗಲ ತೆರೆದಿರುತ್ತದೆ. ಎರಡೂ ಕಡೆ ಇಳಿಜಾರು. ದಾರ ನಡುವಿನಿಂದ ಒಂದೂವರೆ ಸೆಂಟಿಮೀಟರ್ ಆಚೆ ಬಿದ್ದರೂ ಆ ಇಳಿಜಾರು ಅದನ್ನು ಒಳಗೆ ಜಾರಿಸಿಕೊಳ್ಳುತ್ತದೆ. ಆದರೆ ಹಾಗೆ ಉಜ್ಜಿಕೊಂಡು ಇಳಿದಾಗಲೆಲ್ಲ ತಿರುಗುವ ವೇಗ ಸ್ವಲ್ಪ ಕಮ್ಮಿಯಾಗುತ್ತದೆ.

ಆ ತಿರುಗುವಿಕೆಯೇ ಇಡೀ ಆಟದ ಬಂಡವಾಳ. ಎಷ್ಟು ವೇಗ ಇರುತ್ತದೆ ಗೊತ್ತಾ? ಇವತ್ತಿನ ಬಹಳಷ್ಟು ಯೋಯೋಗಳ ನಡುವೆ 12.7 ಮಿಲಿಮೀಟರ್ ವ್ಯಾಸದ ಬಾಲ್ ಬೇರಿಂಗ್, ಅಂದರೆ ಒಳಗೆ ಪುಟ್ಟ ಗುಂಡುಗಳಿದ್ದು ಸಲೀಸಾಗಿ ತಿರುಗುವ ಉಂಗುರ, ಇರುತ್ತದೆ. ದಾರ ಸುತ್ತಿಕೊಳ್ಳುವುದು ಅದರ ಮೇಲೆಯೇ. ಅದರ ಸುತ್ತಳತೆ ಸುಮಾರು 4 ಸೆಂಟಿಮೀಟರ್. ಅಂದರೆ ಕೊನೆಯ ಸುತ್ತುಗಳಲ್ಲಿ ಪ್ರತಿ 4 ಸೆಂಟಿಮೀಟರ್ ದಾರ ಬಿಚ್ಚಿಕೊಂಡಾಗ ಯೋಯೋ ಒಂದು ಸುತ್ತು ತಿರುಗಿರುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ದಾರ ಬಿಚ್ಚಿದರೆ ಸೆಕೆಂಡಿಗೆ 100 ಸುತ್ತು, ನಿಮಿಷಕ್ಕೆ 6000. ದಾರ ಪೂರ್ತಿ ಬಿಚ್ಚಿದ ಮೇಲೂ ಯೋಯೋ ಕೆಳಗೆ ನಿಂತಲ್ಲೇ ತಿರುಗುತ್ತಿರುತ್ತದೆ. ಆಟಗಾರರು ಇದಕ್ಕೆ ಸ್ಲೀಪ್ ಅನ್ನುತ್ತಾರೆ.

ಈ ಸ್ಲೀಪ್ ಎಲ್ಲರಿಗೂ ಸಿಗುವಂತೆ ಮಾಡಿದ್ದು ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ಹೋದ ಪೆಡ್ರೊ ಫ್ಲೋರೆಸ್. 1928ರಲ್ಲಿ ಅವರು ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಲ್ಲಿ ಯೋಯೋ ತಯಾರಿಸಲು ಶುರು ಮಾಡಿದರು. ಅವರ ಯೋಯೋದಲ್ಲಿ ದಾರವನ್ನು ನಡುವಿನ ಕಡ್ಡಿಗೆ ಗಂಟು ಹಾಕಿರಲಿಲ್ಲ, ಸುಮ್ನೆ ಕುಣಿಕೆಯಾಗಿ ಸುತ್ತಿದ್ದರು. ಗಂಟು ಹಾಕಿದರೆ ಯೋಯೋ ಕೆಳಗೆ ಹೋಗಿ ಮೇಲೆ ಬರುತ್ತದೆ, ಅಷ್ಟೇ. ಕುಣಿಕೆ ಇದ್ದರೆ ಅದರೊಳಗೇ ತಿರುಗುತ್ತಾ ನಿಲ್ಲುತ್ತದೆ. ಎಷ್ಟು ಚಿಕ್ಕ ಬದಲಾವಣೆ ಅಲ್ವಾ? ದಶಕಗಳ ನಂತರ ಬಾಲ್ ಬೇರಿಂಗ್ ಬಂದು ಉಜ್ಜಾಟ ಇನ್ನೂ ಕಮ್ಮಿಯಾಯಿತು. ಸೆಕೆಂಡುಗಳಲ್ಲಿ ಅಳೆಯುತ್ತಿದ್ದ ಸ್ಲೀಪ್ ನಿಮಿಷಗಳಿಗೆ ಹೋಯಿತು. ಈಗಿನ ಯೋಯೋ ಎಷ್ಟು ಸಲೀಸಾಗಿ ತಿರುಗುತ್ತದೆ ಅಂದರೆ, ಸುಮ್ಮನೆ ಎಳೆದರೆ ಕೈಗೆ ಬರುವುದೇ ಇಲ್ಲ. ದಾರವನ್ನು ಮಡಿಸಿ ಸಂದಿಗೆ ತುರುಕಿ, ಸಿಕ್ಕಿಸಿ, ಆಮೇಲೆ ವಾಪಸ್ ಕರೆಸಿಕೊಳ್ಳಬೇಕು. ಅದು ಬೈಂಡ್.

ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಯೋಯೋ ಗಾಳಿಯಲ್ಲಿ ಹಾರಿದಾಗಲೂ ಮಗುಚಿಕೊಳ್ಳದೆ ನೆಟ್ಟಗೆ ಇಳಿಯುವುದು ಇದರಿಂದಲೇ. ತಯಾರಕರು ಲೋಹವನ್ನು ನಡುವಿನಿಂದ ತೆಗೆದು ಅಂಚಿಗೆ ಹಾಕುವುದೂ ಇದಕ್ಕೇ. ಒಂದೇ ತೂಕ ಅಕ್ಷದಿಂದ ದೂರ ಇದ್ದಷ್ಟೂ ತಿರುಗುವಿಕೆಯ ಹಟ ಜಾಸ್ತಿ. ಆದರೆ ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ದಾರ ಬೇರಿಂಗ್‌ನ ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದರೆ ಯೋಯೋ ಒಂದು ಕಡೆ ವಾಲಬೇಕು ಅಂತ ನಮಗೆ ಅನ್ನಿಸುತ್ತದೆ. ಅದು ವಾಲುವ ಬದಲು, ನಿಂತಲ್ಲೇ ಮುಖ ತಿರುಗಿಸುತ್ತಾ ಹೋಗುತ್ತದೆ. 65 ಗ್ರಾಂ ತೂಕದ ಯೋಯೋ ನಿಮಿಷಕ್ಕೆ 6000 ಸುತ್ತು ತಿರುಗುವಾಗ ದಾರ ಒಂದು ಮಿಲಿಮೀಟರ್ ಸರಿದಿದ್ದರೆ, ನನ್ನ ಅಂದಾಜು ಲೆಕ್ಕದಲ್ಲಿ ಅದು ಸೆಕೆಂಡಿಗೆ 2 ಡಿಗ್ರಿಯಷ್ಟು ಮುಖ ತಿರುಗಿಸುತ್ತದೆ. ವೇಗ ಕಾಲು ಭಾಗಕ್ಕೆ ಇಳಿದರೆ ಇದು ನಾಲ್ಕು ಪಟ್ಟು, ಸೆಕೆಂಡಿಗೆ 8 ಡಿಗ್ರಿ. ಉದ್ದನೆಯ ಆಟದ ಕೊನೆಯಲ್ಲಿ ಯೋಯೋ ಇದ್ದಕ್ಕಿದ್ದಂತೆ ಮಾತು ಕೇಳದಂತಾಗುವುದು ಇದಕ್ಕೇ. ಪಳಗಿದವರು ಆಡುತ್ತಾ ಆಡುತ್ತಾ ನಿಂತ ಜಾಗದಲ್ಲೇ ಮೆಲ್ಲಗೆ ತಿರುಗುವುದನ್ನು ನೋಡಿರಬಹುದು. ಅವರು ಯೋಯೋ ಮುಖ ತಿರುಗಿಸಿದ ಕಡೆಗೆ ತಮ್ಮ ಮೈಯನ್ನೂ ತಿರುಗಿಸಿಕೊಳ್ಳುತ್ತಿದ್ದಾರೆ.

ಭೂಮಿಯ ಎಳೆತವೇ ಇಲ್ಲದ ಕಡೆ ಹೋದರೆ ನಿಧಾನವಾಗಿ ಕಲಿಯಬಹುದಲ್ಲ ಅಂತ ಯಾರಿಗಾದರೂ ಅನ್ನಿಸಬಹುದು. 1985ರ ಏಪ್ರಿಲ್‌ನಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಹೋದವರು ಮಕ್ಕಳಿಗೆ ವಿಜ್ಞಾನ ತೋರಿಸಲು ಕೆಲವು ಆಟಿಕೆ ಒಯ್ದಿದ್ದರು. ಯೋಯೋ ಕೂಡ ಅದರಲ್ಲಿತ್ತು. ಮೆಲ್ಲಗೆ ಬಿಟ್ಟರೂ ಅದು ದಾರದ ತುದಿವರೆಗೆ ನಾಜೂಕಾಗಿ ಸಾಗಿ ಮರಳಿ ಬಂತು. ಆದರೆ ಸ್ಲೀಪ್ ಮಾತ್ರ ಆಗಲಿಲ್ಲ. ದಾರವನ್ನು ಬಿಗಿಯಾಗಿ ಹಿಡಿದಿಡಲು ಯೋಯೋಗೆ ಅಲ್ಲಿ ತೂಕವೇ ಇಲ್ಲ, ತುದಿ ಮುಟ್ಟಿದ ತಕ್ಷಣ ವಾಪಸ್. ನಮ್ಮನ್ನು ಅವಸರಪಡಿಸುವ ಎಳೆತವೇ ಇಲ್ಲಿ ಆಟವನ್ನು ಸಾಧ್ಯವೂ ಮಾಡುತ್ತದೆ.

ಹಾಗಾದರೆ ಕಲಿಯೋದು ಹೇಗೆ? ವೇಗ ಇಳಿಸೋಕೆ ಆಗದಿದ್ದರೆ ತುಂಡು ಮಾಡಬಹುದು. ದಾರ ಯಾವ ಬೆರಳಿನ ಮೇಲೆ, ಯಾವ ದಾರದ ಮುಂದೆ, ಯಾವುದರ ಹಿಂದೆ ಹೋಗುತ್ತದೆ ಅನ್ನೋದನ್ನು ತಿರುಗದ ಯೋಯೋ ಹಿಡಿದು ಕೂತು ಎಷ್ಟು ಹೊತ್ತಾದರೂ ನೋಡಿಕೊಳ್ಳಬಹುದು. ಇದು ಬರೀ ನಕ್ಷೆ. ಹಾರಾಟದ ಭಾಗಕ್ಕೆ ಮಾತ್ರ ನಿಜವಾದ ವೇಗವೇ ಬೇಕು. ಅಲ್ಲಿ ಎತ್ತರ ಕಮ್ಮಿ ಇಟ್ಟುಕೊಂಡರೆ ಸುಲಭ ಅನ್ನಿಸುತ್ತದೆ, ಸಮಯ ಮಾತ್ರ ಇನ್ನೂ ಕಡಿಮೆ ಸಿಗುತ್ತದೆ. ಹಾಗಾಗಿ ಒಂದು ಗೇಣು ಎತ್ತರ ಹಾರಿಸಿ ಅಭ್ಯಾಸ ಮಾಡುವುದೇ ಒಳ್ಳೆಯದು. ಇನ್ನೊಂದು ವಿಷಯ. ದಾರ ಇರುವುದು ಒಂದೇ, ಸುಮಾರು ಒಂದು ಮೀಟರ್. ಕೈಗಳ ನಡುವೆ 60 ಸೆಂಟಿಮೀಟರ್ ಹೋದರೆ ಎಡ ಬೆರಳಿಂದ ಯೋಯೋವರೆಗೆ ಉಳಿಯುವುದು 40. ಕೈಗಳನ್ನು ಅಗಲಿಸಿದ ಭಂಗಿಯಲ್ಲೇ ಬಿಟ್ಟರೆ ಯೋಯೋ ಇಳಿದಾಗ ಬಿಗಿದ ದಾರಕ್ಕೆ ಬಡಿದು ಪುಟಿಯುತ್ತದೆ. ಇಳಿಯುವ ಹೊತ್ತಿಗೆ ಕೈಗಳು ಒಂದಿಷ್ಟು ಹತ್ತಿರ ಬಂದು ಅದನ್ನು ಮೆತ್ತಗೆ ತಗೋಬೇಕು.

ಗಮನ ಎಲ್ಲಿರಬೇಕು ಅನ್ನೋದೂ ಮುಖ್ಯ. ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಸ್ಕೀ ಆಟವನ್ನು ಹೋಲುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ ನೋಡಿದರು. ತಮ್ಮ ಪಾದಗಳ ಕಡೆ ಗಮನ ಕೊಟ್ಟವರಿಗಿಂತ ಯಂತ್ರದ ಚಕ್ರಗಳ ಕಡೆ ಗಮನ ಕೊಟ್ಟವರು ಚೆನ್ನಾಗಿ ಕಲಿತರು. ಯೋಯೋದಲ್ಲೂ ‘ನನ್ನ ಮಣಿಕಟ್ಟು ಹೀಗಿರಬೇಕು’ ಅಂದುಕೊಳ್ಳುವುದಕ್ಕಿಂತ ‘ದಾರ ಸಂದಿಯ ಕೆಳಗಿರಬೇಕು’ ಅಂದುಕೊಂಡರೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ.

ಒಂದೇ ಆಟವನ್ನು ಒಂದೇ ಸಮನೆ ತಿಕ್ಕುವುದರ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಮೂರು ಬಗೆಯ ಕೈಚಲನೆ ಕಲಿಸಿದರು. ಒಂದು ಗುಂಪು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದು. ಹತ್ತು ದಿನದ ನಂತರ ಪರೀಕ್ಷಿಸಿದಾಗ ಕಲಸಿ ಕಲಿತವರು ಚೆನ್ನಾಗಿ ಮಾಡಿದರು. ನಿದ್ದೆಯೂ ಕೆಲಸ ಮಾಡುತ್ತದೆ. 2002ರಲ್ಲಿ ಸಂಶೋಧಕ ಮ್ಯಾಥ್ಯೂ ವಾಕರ್ ತಂಡ ಬೆರಳು ತಟ್ಟುವ ಒಂದು ಕ್ರಮವನ್ನು ಕಲಿಸಿ ನೋಡಿದಾಗ, ಒಂದು ರಾತ್ರಿ ಮಲಗೆದ್ದ ಮೇಲೆ ವೇಗ ಸುಮಾರು 20% ಏರಿತ್ತು, ತಪ್ಪುಗಳು ಹೆಚ್ಚಿರಲಿಲ್ಲ. ಸಂಜೆ ಎಷ್ಟು ಮಾಡಿದರೂ ಕೂರದ ಜಿಗಿತ ಬೆಳಿಗ್ಗೆ ಸಲೀಸಾಗಿ ಕೂತರೆ ಆಶ್ಚರ್ಯ ಬೇಡ.

ಜಿಗಿತ ಕೈಗೆ ಬಂದ ಮೇಲೆ ಸ್ಲ್ಯಾಕ್ ಆಟಗಳ ಸರದಿ. ಇಲ್ಲಿ ಯೋಯೋ ಇದ್ದಲ್ಲೇ ಇರುತ್ತದೆ, ಸಡಿಲ ದಾರದ ಒಂದು ಬಳೆ ಗಾಳಿಯಲ್ಲಿ ಸುತ್ತಿ ಬಂದು ಸಂದಿಗೆ ಬೀಳಬೇಕು. ದಾರವನ್ನು ಎಳೆಯಬಹುದು, ತಳ್ಳೋಕೆ ಆಗುವುದಿಲ್ಲ. ಬೀಸಿದ ಮೇಲೆ ಅದರ ದಾರಿ ಅದಕ್ಕೆ. ಇಲ್ಲಿ ಬಹಳ ಜನ ಕೈಯನ್ನು ದೂರುತ್ತಾರೆ, ತೊಂದರೆ ಎಷ್ಟೋ ಸಲ ಹುರಿಯಲ್ಲಿರುತ್ತದೆ. ಯೋಯೋ ದಾರ ಹುರಿ ಮಾಡಿದ್ದು. ಆಡುತ್ತಾ ಆಡುತ್ತಾ ಹುರಿ ಏರುತ್ತದೆ ಅಥವಾ ಇಳಿಯುತ್ತದೆ. ಜಾಸ್ತಿ ಏರಿದ ದಾರ ಸಡಿಲ ಬಿಟ್ಟ ಕೂಡಲೇ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ, ಹುರಿಯಲ್ಲಿ ಕೂಡಿಟ್ಟ ಶಕ್ತಿ ಹಾಗೆ ಸುರುಳಿಯಾಗಿ ಹೊರಬರುತ್ತದೆ. ನಮ್ಮ ಜೀವಕೋಶದ ಡಿಎನ್ಎ ಎಳೆಗಳು ಸುರುಳಿಯ ಮೇಲೆ ಸುರುಳಿ ಸುತ್ತಿಕೊಳ್ಳುವುದರ ಹಿಂದೆಯೂ ಇದೇ ಜ್ಯಾಮಿತಿ ಇದೆ. ಹಾಗಾಗಿ ಸ್ಲ್ಯಾಕ್ ಅಭ್ಯಾಸಕ್ಕೆ ಮೊದಲು, ತಿರುಗದ ಯೋಯೋವನ್ನು ದಾರದ ತುದಿಯಲ್ಲಿ ಸುಮ್ನೆ ಇಳಿಬಿಡಿ. ಅದು ಗಿರಗಿರ ತಿರುಗಿ ಹೆಚ್ಚಿನ ಹುರಿಯನ್ನು ಬಿಚ್ಚಿಕೊಂಡು ತಾನಾಗಿ ನಿಲ್ಲುತ್ತದೆ. ಆಮೇಲೆ ಬೀಸಿ ನೋಡಿ, ಬಳೆ ಅಗಲವಾಗಿ ತೆರೆದುಕೊಳ್ಳುತ್ತದೆ.