ಕಾಗದದಲ್ಲಿಲ್ಲದ ಗಾಂಧಾರ

ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವನ್ನೂ ಕಾಗದದ ಮೇಲೆ ಬರೆದಿಟ್ಟಿರುತ್ತಾರೆ, ನುಡಿಸುವವರು ಓದಿ ಒಪ್ಪಿಸಿದರಾಯಿತು, ಶ್ರುತಿಯ ಸೂಕ್ಷ್ಮವೆಲ್ಲ ನಮ್ಮದು. ಮುಂಬಯಿಯ ಮಾಟುಂಗದ ಕಛೇರಿಗಳ ಬಿಡುವಿನಲ್ಲಿ ಕಾಫಿ ಲೋಟ ಹಿಡಿದು ನಿಂತ ನಮ್ಮ ಕನ್ನಡಿಗರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಪಿಯಾನೊದ ಮಟ್ಟಿಗೆ ಇದನ್ನು ಅರ್ಧ ಒಪ್ಪಬಹುದು. ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ನಾಲ್ವರ ಮೇಳಕ್ಕಂತೂ ಇದು ಸುತರಾಂ ಸಲ್ಲದು. ಅಲ್ಲಿ ಬರೆದಿಟ್ಟ ಸ್ವರ ಯಾವುದು ಎಂಬುದಷ್ಟೇ ಕಾಗದಕ್ಕೆ ಗೊತ್ತು. ಅದು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದನ್ನು ನಾಲ್ಕು ಜೊತೆ ಕಿವಿಗಳು ಆ ಕ್ಷಣದಲ್ಲಿ ತೀರ್ಮಾನಿಸುತ್ತವೆ.

ಎರಡು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲ, ಇನ್ನೂ ದೊಡ್ಡದಾದ, ಮಂದ್ರ ನಾದದ ಒಂದು ಚೆಲ್ಲೊ ಸೇರಿದರೆ ಕ್ವಾರ್ಟೆಟ್. 1865ರಲ್ಲಿ ಶುರುವಾದ, ಧೋಬಿ ತಲಾವಿನ ಫುರ್ಟಾಡೋಸ್‌ನಂಥ ಸಂಗೀತದ ಅಂಗಡಿಯಲ್ಲಿ ಕ್ವಾರ್ಟೆಟ್ ಕೃತಿಯೊಂದರ ಸ್ವರಲಿಪಿ ಕೇಳಿದರೆ ಸಿಗುವುದು ಒಂದು ಪುಸ್ತಕವಲ್ಲ, ನಾಲ್ಕು ತೆಳು ಪುಸ್ತಿಕೆಗಳ ಕಟ್ಟು. ಒಬ್ಬೊಬ್ಬರ ಪುಸ್ತಿಕೆಯಲ್ಲಿ ಅವರವರ ಸಾಲು ಮಾತ್ರ ಇರುತ್ತದೆ. ಪಕ್ಕದವರು ಏನು ನುಡಿಸುತ್ತಿದ್ದಾರೆ ಎಂದು ತಿಳಿಯಲು ಕಿವಿಯೇ ಗತಿ. ಹಾಳೆ ತಿರುವುವ ಜಾಗದಲ್ಲಿ ಒಂದಿಷ್ಟು ಮೌನ ಬರುವಂತೆ ಅಚ್ಚು ಜೋಡಿಸುವುದು ಒಳ್ಳೆಯ ಪ್ರಕಾಶಕರ ಲಕ್ಷಣ. ಎರಡೂ ಕೈಗಳಿಗೆ ಪುರುಸೊತ್ತು ಸಿಗುವುದು ಅಲ್ಲಿ ಮಾತ್ರ. 18ನೇ ಶತಮಾನದ ಆಸ್ಟ್ರಿಯಾದ ಸಂಗೀತಕಾರ ಹೈಡನ್ ಬರೆದ 68 ಕ್ವಾರ್ಟೆಟ್‌ಗಳು ಅವನ ಕಾಲದ ಮನೆಮನೆಗಳಿಗೆ ತಲುಪಿದ್ದು ಹೀಗೆ ಬಿಡಿಬಿಡಿಯಾಗಿಯೇ. ನಾಲ್ಕೂ ಸಾಲುಗಳನ್ನು ಒಂದರ ಕೆಳಗೊಂದು ತೋರಿಸುವ ಕಿರು ಗಾತ್ರದ ಸ್ಕೋರ್‌ಗಳನ್ನು ಪ್ಯಾರಿಸ್ಸಿನ ಪ್ರಕಾಶಕ ಪ್ಲೆಯೆಲ್ ಅಚ್ಚು ಹಾಕಲು ತೊಡಗಿದ್ದು 1802ರ ಸುಮಾರಿಗೆ.

ಈಗ ಲೆಕ್ಕಕ್ಕೆ ಬರೋಣ. ಈ ನಾಲ್ಕೂ ವಾದ್ಯಗಳಲ್ಲಿ ಪಕ್ಕಪಕ್ಕದ ತಂತಿಗಳ ನಡುವಿನ ಅಂತರ ಸ–ಪ, ಅಂದರೆ ಕಂಪನಗಳ ಅನುಪಾತ 3/2. ಪಾಶ್ಚಾತ್ಯರು ಸ್ವರಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುತ್ತಾರೆ, ತಂತಿಗೂ ಅದರ ಸ್ವರದ್ದೇ ಹೆಸರು. ವಯಲಿನ್ನಿನ ‘ಎ’ ತಂತಿ ಸೆಕೆಂಡಿಗೆ 440 ಕಂಪನ, ಅದರ ಮೇಲಿನ ‘ಇ’ ತಂತಿ 660. ಚೆಲ್ಲೊದ ‘ಎ’ ಅದಕ್ಕೆ ಒಂದು ಸ್ಥಾಯಿ ಕೆಳಗೆ, 220. ಅಲ್ಲಿಂದ ಮೂರು ಪಂಚಮ ಇಳಿದರೆ ಅತಿ ಮಂದ್ರದ ‘ಸಿ’ ತಂತಿ, ಸುಮಾರು 65.2. ಈ ‘ಸಿ’ಯನ್ನು ಷಡ್ಜ ಎಂದುಕೊಂಡರೆ ‘ಇ’ ನಮ್ಮ ಅಂತರ ಗಾಂಧಾರ. ಚೆಲ್ಲೊ ತಂತಿಯ ನಾದದೊಳಗೇ ಆ ಗಾಂಧಾರ ಅಡಗಿದೆ: ಮೂಲ ಕಂಪನದ ಹತ್ತರಷ್ಟು ವೇಗದ ಉಪಸ್ವರ, ಸುಮಾರು 652. ಆದರೆ ಎಲ್ಲ ತಂತಿಗಳನ್ನೂ ನಿಷ್ಠೆಯಿಂದ ಪಂಚಮಕ್ಕೆ ಸೇರಿಸಿದ ವಯಲಿನ್ನಿನ ಬಿಡಿ ತಂತಿ ನುಡಿಯುತ್ತಿರುವುದು 660. ಎರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೆ ಎಂಟು ಸಲ ನಾದ ಏರಿಳಿಯುತ್ತದೆ. ಶಾಲೆಯ ಪಾಠದಲ್ಲಿ ವಿಸ್ಪಂದ ಎಂದು ಓದಿದ್ದು ಇದನ್ನೇ. ಯಾರೂ ತಪ್ಪು ಮಾಡಿಲ್ಲ, ಬಿರಡೆಗಳೆಲ್ಲ ಸರಿಯಾಗಿಯೇ ಇವೆ, ಆದರೂ ಗಾಂಧಾರ ಕದಡುತ್ತದೆ.

ಕಾರಣ ಅಂಕಗಣಿತದಲ್ಲಿದೆ. ನಾಲ್ಕು ಪಂಚಮ ಹತ್ತಿ ಸ್ಥಾಯಿಗಳನ್ನು ಕಳೆದರೆ ಸಿಗುವ ಗಾಂಧಾರ 81/64. ನಾದದಲ್ಲಿ ತಾನಾಗಿ ಹುಟ್ಟುವ ಗಾಂಧಾರ 5/4, ಅಂದರೆ 80/64. ನಡುವೆ ಉಳಿಯುವ 81/80ರಷ್ಟು ಚೂರನ್ನು ನಮ್ಮ ಸಂಗೀತ ಗ್ರಂಥಗಳು ಪ್ರಮಾಣ ಶ್ರುತಿ ಎನ್ನುತ್ತವೆ. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿದಾಗ ಯಾರೂ ಮೀಟದೆ ಕೇಳಿಸುವ ಗಾಂಧಾರವೂ ಆ 5/4ರದ್ದೇ. ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಅಲ್ಲಿ ತಂತಿಗಳು ಸ–ಪ–ಸ–ಪ. ಪಂಚಮದ ಮೆಟ್ಟಿಲು ಒಂದೇ, ನಾಲ್ಕನ್ನು ಹತ್ತುವ ಪ್ರಮೇಯವೇ ಇಲ್ಲ. ವಾದ್ಯ ಅದೇ, ಪೆಟ್ಟಿಗೆ ಅದೇ. ತಂತಿ ಕಟ್ಟುವ ಕ್ರಮ ಬದಲಾದ ಕೂಡಲೇ ಸಮಸ್ಯೆಯೂ ಬದಲಾಗಿಬಿಟ್ಟಿತು. ನನಗಂತೂ ಇದು ಬಹಳ ಸೊಗಸಾಗಿ ಕಾಣುತ್ತದೆ.

ಕ್ವಾರ್ಟೆಟ್‌ನವರು ಇದಕ್ಕೆ ಕಂಡುಕೊಂಡ ಉಪಾಯ ಪೆನ್ಸಿಲ್ ಗುರುತಿನಲ್ಲಿದೆ. ಮೊದಲ ವಯಲಿನ್ನಿನ ಪುಸ್ತಿಕೆಯಲ್ಲಿ ‘ಇ’ ಸ್ವರದ ನೆತ್ತಿಯ ಮೇಲೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 4 ಎಂದು ಬರೆದಿರುತ್ತದೆ. ಸೊನ್ನೆಯೆಂದರೆ ಬಿಡಿ ತಂತಿ. 4 ಎಂದರೆ ಕೆಳಗಿನ ‘ಎ’ ತಂತಿಯನ್ನು ಕಿರುಬೆರಳಿನಿಂದ ಒತ್ತು ಎಂದರ್ಥ. ಬಿಡಿ ತಂತಿಯನ್ನು ನುಡಿಸುವಾಗ ಸರಿಸಲಾಗದು, ಬೆರಳನ್ನು ಸರಿಸಬಹುದು. ಆ ಜಾಗದಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 22 ಸೆಂಟಿಮೀಟರ್. ಪ್ರಮಾಣ ಶ್ರುತಿಯಷ್ಟು ಇಳಿಯಲು ಬೆರಳು ಸರಿಯಬೇಕಾದದ್ದು ಸುಮಾರು 2.7 ಮಿಲಿಮೀಟರ್. ಕಿರುಬೆರಳಿನ ತುದಿ ಅದಕ್ಕಿಂತ ಅಗಲ! ಅಚ್ಚಾದ ಸ್ವರ ಒಂದೇ, ಅದರ ಎತ್ತರ ಎರಡು.

ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಇಷ್ಟು ಸ್ಪಷ್ಟವಾಗಿ ಬಡಿಯುವುದಕ್ಕೆ ಕಮಾನು ಕಾರಣ. ಕಮಾನಿನ ಕೂದಲು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ, ತಂತಿ ಜಾರಿ ತಪ್ಪಿಸಿಕೊಳ್ಳುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ‘ಎ’ ತಂತಿಯಲ್ಲಿ ಸೆಕೆಂಡಿಗೆ 440 ಸಲ ಇದೇ ಆಟ. 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಈ ಚಲನೆಯನ್ನು ಗುರುತಿಸಿದ. ಅದರ ಯಾಂತ್ರಿಕ ಸಿದ್ಧಾಂತವನ್ನು ವಿಸ್ತಾರವಾಗಿ ಕಟ್ಟಿಕೊಟ್ಟವರು ಸಿ.ವಿ. ರಾಮನ್, 1918ರಲ್ಲಿ, ಕಲ್ಕತ್ತೆಯಿಂದ. ಬೆಳಕಿನ ಚದುರುವಿಕೆಯ ರಾಮನ್ ನಮಗೆಲ್ಲ ಗೊತ್ತು. ಪಿಟೀಲಿನ ರಾಮನ್ನರನ್ನು ಪಠ್ಯಪುಸ್ತಕಗಳು ಮರೆತಂತಿದೆ. ಮೀಟಿ ಬಿಟ್ಟ ತಂತಿಯ ಉಪಸ್ವರಗಳು ಪೂರ್ಣಾಂಕದ ಗುಣಕಗಳಿಂದ ತುಸು ಆಚೀಚೆ ಇರುತ್ತವೆ. ಕಮಾನು ಪ್ರತಿ ಸುತ್ತಿನಲ್ಲೂ ತಂತಿಯನ್ನು ಹಿಡಿದು ಬಿಡುವುದರಿಂದ ಅವು ಕರಾರುವಾಕ್ಕಾಗಿ 2, 3, 4 ಪಟ್ಟುಗಳಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಶ್ರುತಿ ಸೇರಿದರೆ ನಾಲ್ಕು ವಾದ್ಯಗಳು ಒಂದೇ ಎನ್ನಿಸುತ್ತವೆ, ಸೇರದಿದ್ದರೆ ಅಡಗಿಸಿಡಲು ಜಾಗವೇ ಇರುವುದಿಲ್ಲ.

ಹಾಗಿದ್ದರೆ ಎಲ್ಲ ಸ್ವರಗಳನ್ನೂ ಶುದ್ಧ ಅನುಪಾತದಲ್ಲೇ ನುಡಿಸಿದರಾಗದೆ? ಆಗುವುದಿಲ್ಲ. ‘ಸಿ’ಯ ಮೇಲೆ ಕಟ್ಟಿದ ಸ್ವರಮೇಳದಿಂದ (ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛದಿಂದ) ‘ಎ’, ಅಲ್ಲಿಂದ ‘ಡಿ’, ‘ಜಿ’, ಮರಳಿ ‘ಸಿ’ ಎಂಬ ಸರ್ವೇಸಾಮಾನ್ಯ ಸುತ್ತನ್ನು ಹಿಂದಿನ ಸ್ವರವನ್ನು ಹಿಡಿದುಕೊಂಡೇ ಶುದ್ಧವಾಗಿ ನುಡಿಸುತ್ತ ಬಂದರೆ, ಮರಳಿ ಬಂದ ‘ಸಿ’ ಹೊರಟ ‘ಸಿ’ಗಿಂತ ಒಂದು ಪ್ರಮಾಣ ಶ್ರುತಿ ಕೆಳಗಿರುತ್ತದೆ. ಐದು ಸುತ್ತು ಮುಗಿಯುವಷ್ಟರಲ್ಲಿ ಪಿಯಾನೊದ ಒಂದು ಮನೆಗಿಂತ ತುಸು ಹೆಚ್ಚೇ ಇಳಿದಿರುತ್ತೇವೆ. ಈ ಜಾರುವಿಕೆಯನ್ನು ಇಟಲಿಯ ಗಣಿತಜ್ಞ ಬೆನೆಡೆಟ್ಟಿ 16ನೇ ಶತಮಾನದಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಅದಕ್ಕೆಂದೇ ಅನೇಕ ಮೇಳಗಳು ತಂತಿಗಳ ನಡುವಿನ ಪಂಚಮವನ್ನು ಕೂದಲೆಳೆಯಷ್ಟು ಕಿರಿದು ಮಾಡಿಕೊಳ್ಳುತ್ತವೆ, ಚೆಲ್ಲೊದ ‘ಸಿ’ ತೀರ ಕೆಳಗೆ ಬೀಳದಂತೆ. ಉಳಿದದ್ದು ಸಂದರ್ಭಕ್ಕೆ ತಕ್ಕ ಚೌಕಾಸಿ. ‘ಬಿ’ ಸ್ವರ ಸ್ವರಮೇಳದಲ್ಲಿ ಗಾಂಧಾರವಾಗಿ ನಿಂತಾಗ ಕೆಳಗಿಳಿಯುತ್ತದೆ. ಅದೇ ‘ಬಿ’ ರಾಗದ ಎಳೆಯಲ್ಲಿ ‘ಸಿ’ಯತ್ತ ಹಾತೊರೆಯುವಾಗ ಮೇಲೇರುತ್ತದೆ. ಒಂದೇ ನಿಷಾದ ರಾಗದಿಂದ ರಾಗಕ್ಕೆ ನೆಲೆ ಬದಲಿಸುವುದನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸಲಿಕ್ಕಿಲ್ಲ.

ಬಿಡಿ ಪುಸ್ತಿಕೆಗಳ ಕಾಲದ ಒಂದು ಪ್ರಸಂಗ ಹೇಳಲೇಬೇಕು. ಮೊಝಾರ್ಟ್ 1785ರಲ್ಲಿ ಆರು ಕ್ವಾರ್ಟೆಟ್‌ಗಳನ್ನು ಹೈಡನ್‌ಗೆ ಅರ್ಪಿಸಿ ಪ್ರಕಟಿಸಿದ. ಕೊನೆಯದರ ಆರಂಭದಲ್ಲಿ ಚೆಲ್ಲೊ ‘ಸಿ’ಯನ್ನು ಮಿಡಿಯುತ್ತದೆ, ವಿಯೋಲ ‘ಎ’ ಕೋಮಲವನ್ನು ಹಿಡಿಯುತ್ತದೆ. ವಿಯೋಲ ಕೆಳಗಿಳಿಯುವುದೇ ತಡ, ಮೊದಲ ವಯಲಿನ್ ಬಂದು ಶುದ್ಧ ‘ಎ’ ನುಡಿಯುತ್ತದೆ. ಕಿವಿ ಬೆಚ್ಚುತ್ತದೆ. ಅಚ್ಚಿನ ತಪ್ಪುಗಳು ತುಂಬಿವೆ ಎಂದು ಇಟಲಿಯಿಂದ ಪ್ರತಿಗಳು ವಾಪಸು ಬಂದವಂತೆ. ತನ್ನ ಸಾಲಷ್ಟನ್ನೇ ನೋಡುತ್ತಿದ್ದ ವಾದಕನಿಗೆ ತಪ್ಪು ಅಚ್ಚಿನದೋ ಪಕ್ಕದವನದೋ ತಿಳಿಯುವುದಾದರೂ ಹೇಗೆ?

ಕಾಲಕ್ಕೂ ಇದೇ ಕಥೆ. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ಕ್ವಾರ್ಟೆಟ್‌ಗಳ ಸ್ವರಸ್ವರದ ಸಮಯವನ್ನು ಅಳೆದರು. ಒಂದರಲ್ಲಿ ಉಳಿದವರು ಮೊದಲ ವಯಲಿನ್ನಿನ ವಾದಕಿಗೆ ಹೊಂದಿಕೊಂಡಷ್ಟು ಆಕೆ ಅವರಿಗೆ ಹೊಂದಿಕೊಳ್ಳುತ್ತಿರಲಿಲ್ಲ. ಇನ್ನೊಂದರಲ್ಲಿ ತಿದ್ದುಪಡಿ ಹೆಚ್ಚುಕಡಿಮೆ ಸಮಪಾಲು. ಎರಡೂ ಮೇಳಗಳ ಮುಂದಿದ್ದದ್ದೂ ಹೈಡನ್ನನ ಅವೇ ಸ್ವರಗಳು.

ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ವಯಲಿನ್ ವಾದಕ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾವನ್ನೂ ಆಮೇಲೆ ಬಾಂಬೆ ಸ್ಟ್ರಿಂಗ್ ಕ್ವಾರ್ಟೆಟ್ಟನ್ನೂ ಕಟ್ಟಿದರು. ಮುಂದೆ ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕರಾದ ಮಗ ಜುಬಿನ್ ಆ ನಾದದಲ್ಲೇ ಬೆಳೆದರು. ಗೋವಾದ ಚರ್ಚ್ ಶಾಲೆಗಳಲ್ಲಿ ಪಿಟೀಲನ್ನೂ ಸ್ವರಲಿಪಿಯನ್ನೂ ಕಲಿತವರು ಇಲ್ಲಿಯ ಸಿನಿಮಾ ಸ್ಟುಡಿಯೋಗಳನ್ನು ತುಂಬಿದರು. ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಅವರಂಥವರು ಸಂಗೀತ ನಿರ್ದೇಶಕರು ಹಾಡಿ ತೋರಿಸಿದ್ದನ್ನು ತಂತಿವಾದ್ಯಗಳಿಗೆ ಹಂಚಿ ಬರೆಯುತ್ತಿದ್ದರು. ಮಳೆಗಾಲ ಬಂದರೆ ಮಾತ್ರ ಈ ಊರು ವಾದ್ಯಗಳಿಗೆ ವೈರಿ: ಮರ ತೇವ ಕುಡಿದು ಉಬ್ಬುತ್ತದೆ, ಬಿರಡೆ ಜಪ್ಪಯ್ಯ ಎಂದರೂ ತಿರುಗುವುದಿಲ್ಲ, ಸ್ವರಲಿಪಿಯ ಹಾಳೆ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ.

ನರಿಮನ್ ಪಾಯಿಂಟಿನ ಎನ್‌ಸಿಪಿಎ ಸಭಾಂಗಣದವರೆಗೆ ಹೋಗಲಾಗದವರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಮೊಬೈಲಿನ ತಂಬೂರಿಯನ್ನು ‘ಸಿ’ ಶ್ರುತಿಗೆ ಇಡಿ, ಷಡ್ಜ ಸುಮಾರು 130.8 ಹರ್ಟ್ಸ್ ಇರಲಿ. ಅದರ ಐದನೆಯ ಉಪಸ್ವರ 654. ಕೀಬೋರ್ಡಿನಲ್ಲಿ ಮಧ್ಯದ ‘ಸಿ’ಗಿಂತ ಒಂದು ಸ್ಥಾಯಿ ಮೇಲಿನ ‘ಇ’ಯನ್ನು ಕೊಳಲಿನಂಥ ನಯವಾದ ನಾದದಲ್ಲಿ ಒತ್ತಿಹಿಡಿಯಿರಿ, ಅದು 659. ಸೆಕೆಂಡಿಗೆ ಐದರಂತೆ ನಾದ ನಡುಗುವುದು ಕಿವಿಗೆ ಸಿಗುತ್ತದೆ. ಇನ್ನು ಮನೆಯಲ್ಲಿ ಪಿಟೀಲಿದ್ದರೆ ಅದೇ ಸ್ವರವನ್ನು ತಂಬೂರಿಯೊಡನೆ ಹಿಡಿದು, ಆ ನಡುಕ ನಿಲ್ಲುವವರೆಗೆ ಬೆರಳನ್ನು ಹಿಂದೆ ಸರಿಸುತ್ತ ಹೋಗಿ. ಎರಡು ಮಿಲಿಮೀಟರಿನೊಳಗೇ ಅದು ನಿಲ್ಲಬೇಕು.