ಕಾಮೆಂಟಿನ ಗುರುತು ಭಾಷೆಯೇ ಕೊಡಲಿ

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ತಂಡಕ್ಕೆಲ್ಲ ಒಂದೇ ಸ್ನಿಪೆಟ್ (ಬೇಕೆಂದಾಗ ತುಂಬಿಕೊಳ್ಳುವ ಸಿದ್ಧ ತುಣುಕು) ಮಾಡಿಡುವವರು ಸಾಮಾನ್ಯವಾಗಿ ಕಾಮೆಂಟಿನ (ಕೋಡ್ ಓಡುವಾಗ ಲೆಕ್ಕಕ್ಕೆ ಬಾರದ ಟಿಪ್ಪಣಿಯ) ಗುರುತನ್ನು ನೇರವಾಗಿ // ಅಂತ ಬರೆದುಬಿಡುತ್ತಾರೆ. ಜಾವಾಸ್ಕ್ರಿಪ್ಟ್‌ಗೆ ಅದು ಸರಿ. ಪೈಥಾನ್‌ನಲ್ಲಿ ಅದೇ // ಭಾಗಾಕಾರದ ಚಿಹ್ನೆ. ಸಾಲಿನ ಶುರುವಿನಲ್ಲೇ ಬಂದರೆ ಸಿಂಟ್ಯಾಕ್ಸ್ ಎರರ್ ಗ್ಯಾರಂಟಿ.

ಇದಕ್ಕೆಂದೇ ಎಡಿಟರ್‌ನಲ್ಲಿ ಮೂರು ವೇರಿಯಬಲ್‌ಗಳಿವೆ, ಅಂದರೆ ಸ್ನಿಪೆಟ್ ಹಾಕುವಾಗ ಸರಿಯಾದ ಗುರುತನ್ನು ಎಡಿಟರೇ ತುಂಬುವ ಹೆಸರುಗಳು: ಲೈನ್_ಕಾಮೆಂಟ್, ಬ್ಲಾಕ್_ಕಾಮೆಂಟ್_ಸ್ಟಾರ್ಟ್, ಬ್ಲಾಕ್_ಕಾಮೆಂಟ್_ಎಂಡ್. ಲೈನ್ ಅಂದರೆ ಒಂದು ಸಾಲಿನ ಕಾಮೆಂಟ್, ಬ್ಲಾಕ್ ಅಂದರೆ ತೆರೆಯುವ ಮತ್ತು ಮುಚ್ಚುವ ಗುರುತುಗಳ ನಡುವಿನ ಕಾಮೆಂಟ್. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಹೆಸರಿನ ಮೊದಲು $ ಹಾಕಿ ಬರೆಯಬೇಕು. ಟಿಎಂ ಎಂದು ಶುರುವಾಗುವ ಹೆಸರುಗಳನ್ನು ನೀವು ನೋಡಿರುತ್ತೀರಿ. ಅವು 2004ರಲ್ಲಿ ಬಂದ ಮ್ಯಾಕ್‌ನ ಟೆಕ್ಸ್ಟ್‌ಮೇಟ್ ಎಡಿಟರ್‌ನಿಂದ ಬಂದವು. ಫೈಲಿನ ಹೆಸರು, ಈಗಿನ ಸಾಲು ಇಂಥದ್ದನ್ನು ತುಂಬುತ್ತವೆ. ಅವಕ್ಕೆ ಭಾಷೆ ಯಾವುದಾದರೂ ಒಂದೇ. ಕಾಮೆಂಟಿನ ಈ ಮೂರು ಮಾತ್ರ ಭಾಷೆ ನೋಡಿ ಬದಲಾಗುತ್ತವೆ.

ಯಾವ ಗುರುತು ಹಾಕಬೇಕು ಅಂತ ಎಡಿಟರ್‌ಗೆ ಹೇಗೆ ಗೊತ್ತು? ಭಾಷೆಯ ಎಕ್ಸ್‌ಟೆನ್ಶನ್ ಜೊತೆ ಒಂದು ಕಾನ್ಫಿಗರೇಶನ್ ಫೈಲ್ ಇರುತ್ತದೆ. ಕಂಟ್ರೋಲ್ ಜೊತೆ / ಒತ್ತಿದರೆ ಸಾಲು ಕಾಮೆಂಟ್ ಆಗುತ್ತದಲ್ವಾ, ಅದಕ್ಕೂ ಇದೇ ಫೈಲ್ ಆಧಾರ. ನನಗೆ ತುಂಬಾ ಇಷ್ಟವಾಗುವ ವಿಷಯ ಏನೆಂದರೆ, ಎಡಿಟರ್ ನೋಡುವುದು ಕರ್ಸರ್ ನಿಂತ ಜಾಗದ ಭಾಷೆಯನ್ನು. ಎಚ್‌ಟಿಎಂಎಲ್ ಫೈಲಿನಲ್ಲೇ ಇದ್ದರೂ ಸ್ಕ್ರಿಪ್ಟ್ ಟ್ಯಾಗ್ ಒಳಗೆ ಹೋದರೆ // ಬರುತ್ತದೆ.

ತೊಂದರೆ ಬರುವುದು ಭಾಷೆಯ ಹತ್ತಿರ ಗುರುತೇ ಇಲ್ಲದಾಗ. ಎಚ್‌ಟಿಎಂಎಲ್‌ಗೆ ಒಂದು ಸಾಲಿನ ಕಾಮೆಂಟ್ ಇಲ್ಲ. ಆಗ ಲೈನ್_ಕಾಮೆಂಟ್ ಜಾಗ ಖಾಲಿ ಉಳಿಯುತ್ತದೆ. ಎಡಿಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನೀವು ಬರೆದ 'ಟುಡು: ಇಲ್ಲಿ ಬೆಲೆ ಸರಿಮಾಡಿ' ಅನ್ನುವ ಟಿಪ್ಪಣಿ ಗ್ರಾಹಕರ ಕಣ್ಣಿಗೆ ಬೀಳುವ ಪುಟದ ಮೇಲೆ ಹೋಗಿ ಕೂರುತ್ತದೆ. ಸೆಟ್ಟಿಂಗ್‌ಗಳನ್ನು ಬರೆಯಲು ಬಳಸುವ ಯಾಮಲ್‌ನಲ್ಲಿ ಇದರ ಉಲ್ಟಾ: ಅಲ್ಲಿರುವುದು # ಮಾತ್ರ. ಬ್ಲಾಕ್ ಗುರುತು ನಂಬಿ ಲೈಸೆನ್ಸ್ ಸಾಲುಗಳನ್ನು (ಕೋಡ್ ಬಳಕೆಯ ಷರತ್ತುಗಳನ್ನು) ಹಾಕಿದರೆ ಅವು ಬರಿ ಪಠ್ಯವಾಗಿ ಉಳಿದು ಫೈಲನ್ನೇ ಕೆಡಿಸುತ್ತವೆ.

ಗುರುತು ಇಲ್ಲದಾಗ ಬಳಸಲು ವೇರಿಯಬಲ್ ಹೆಸರಿನ ನಂತರ ಕೋಲನ್ ಹಾಕಿ ಬದಲಿ ಮೌಲ್ಯ ಕೊಡಬಹುದು, ನಿಜ. ಆದರೆ ಎಚ್‌ಟಿಎಂಎಲ್‌ಗೆ <!-- ಒಂದೇ ಕೊಟ್ಟರೆ ಸಾಲದು, ಮುಚ್ಚುವ --> ಕೂಡ ಬೇಕು. ಹಾಗಾಗಿ ಒಂದೇ ಸ್ನಿಪೆಟ್‌ನಲ್ಲಿ ಎಲ್ಲವನ್ನೂ ತುರುಕಬೇಡಿ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್‌ಗೆ ಬ್ಲಾಕ್ ಜೋಡಿ ಬಳಸುವ ಬೇರೆ ಸ್ನಿಪೆಟ್ ಬರೆಯಿರಿ. ಅದರ ಸ್ಕೋಪ್‌ನಲ್ಲಿ (ಸ್ನಿಪೆಟ್ ಯಾವ ಭಾಷೆಗಳಿಗೆ ಅಂತ ಹೇಳುವ ಜಾಗದಲ್ಲಿ) ಎರಡೂ ಭಾಷೆಯ ಹೆಸರನ್ನು ಕಾಮಾ ಹಾಕಿ ಕೊಡಿ.

ಗುರುತು ಇದ್ದರೂ ಎಡವಟ್ಟಾಗುವ ಭಾಷೆ ಪೈಥಾನ್. ಅಲ್ಲಿ ಬ್ಲಾಕ್ ಗುರುತು ಅಂತ ಸಿಗುವುದು """. ನಿಜಕ್ಕೂ ಅದು ಕಾಮೆಂಟ್ ಅಲ್ಲ, ಸ್ಟ್ರಿಂಗ್, ಅಂದರೆ ಕೋಡಿನ ಭಾಗವೇ ಆದ ಪಠ್ಯ. ಫೈಲಿನ ತಲೆಗೆ ಲೈಸೆನ್ಸನ್ನು ಹೀಗೆ ಹಾಕಿದರೆ ಪೈಥಾನ್ ಅದನ್ನೇ ಮಾಡ್ಯೂಲಿನ (ಆ ಫೈಲಿನ) ಡಾಕ್‌ಸ್ಟ್ರಿಂಗ್, ಅಂದರೆ ವಿವರಣೆ, ಅಂದುಕೊಳ್ಳುತ್ತದೆ. ಅದರ ಕೆಳಗೆ ನೀವು ಪ್ರೀತಿಯಿಂದ ಬರೆದ ವಿವರಣೆ ಲೆಕ್ಕಕ್ಕೇ ಬರುವುದಿಲ್ಲ. ಹೆಲ್ಪ್ ಕೇಳಿದವರಿಗೆ ಕಾಣುವುದು ಬರಿ ಲೈಸೆನ್ಸ್. ಪೈಥಾನ್ ಫೈಲಿಗೆ ಲೈಸೆನ್ಸ್ ಬೇಕಿದ್ದರೆ ಪ್ರತಿ ಸಾಲಿನ ಮುಂದೆಯೂ ಲೈನ್_ಕಾಮೆಂಟ್ ಹಾಕಿ. ಅದೇ ಸ್ನಿಪೆಟ್ ಯಾಮಲ್‌ಗೂ ನಡೆಯುತ್ತದೆ.